ಅತ್ತೆ, ನಾನು ಮತ್ತು ಸೂರೆತ್ತುವ ವ್ಯಾನು

ಹದಿಮೂರು ವರ್ಷ ತುಂಬುವವರೆಗೂ ನನ್ನದೊಂದು ಅಚಲವಾದ ನಂಬಿಕೆಯಿತ್ತು: ಸಿಂಹಗಳೆಂದರೆ ಬಿಳಿಯರು ಸಾಕಿಕೊಂಡ ಪ್ರಾಣಿಗಳು! ರಜೆಗೆ ಬರುವಾಗ ಅವರು ಅವನ್ನು ವಿಮಾನದಲ್ಲಿ ಹಾಕಿಕೊಂಡು ಬರುತ್ತಾರೆ, ನಮ್ಮ ಹುಲ್ಲಿನಲ್ಲಿ ನಾಲ್ಕು ದಿನ ಅಡ್ಡಾಡಿಸುತ್ತಾರೆ, ಫೋಟೋ ಹೊಡೆದುಕೊಂಡು ಮತ್ತೆ ಊರಿಗೆ ಕರೆದುಕೊಂಡು ಹೋಗುತ್ತಾರೆ. ತಪ್ಪು ನನ್ನದಲ್ಲ. ನಮ್ಮೂರು ಕಿಮಿಲಿಲಿಯ ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲಿ ಜನವರಿಯಿಂದ ಡಿಸೆಂಬರಿನವರೆಗೂ ಸಿಂಹದ ಹಿನ್ನೆಲೆಯಲ್ಲಿ ಟೊಪ್ಪಿ ಹಾಕಿದ ಬಿಳಿಯನೊಬ್ಬ ನಿಂತಿರುತ್ತಿದ್ದ. ಒಂದು ಫೆಬ್ರವರಿಯಲ್ಲಾದರೂ ನಮ್ಮಂಥವನೊಬ್ಬ ಬೇಡವೇ? ಏಳನೇ ತರಗತಿಯ ಪರೀಕ್ಷೆಯಲ್ಲಿ 'ಸಿಂಹದ ನೆಲೆ ಯಾವುದು?' ಎಂಬ ಪ್ರಶ್ನೆಗೆ ನಾನು ಧೈರ್ಯವಾಗಿ 'ಇಂಗ್ಲೆಂಡು' ಎಂದು ಬರೆದೆ. ಮೇಷ್ಟ್ರು ಕೆಂಪು ಶಾಯಿಯಲ್ಲಿ 'ನಿನ್ನದು ಯಾವುದು?' ಎಂದು ಕೇಳಿದ್ದರು.

ಈಗ ನನಗೆ ಇಪ್ಪತ್ತೊಂಬತ್ತು. ನೈರೋಬಿಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತ. ಕಾಡು ನೋಡಲು ಬರುವವರ ವಿಮಾಪತ್ರಗಳಿಗೆ ಮೊಹರು ಒತ್ತುವುದು ನನ್ನ ಘನ ಉದ್ಯೋಗ. ಆನೆ ತುಳಿದರೆ ಇಂತಿಷ್ಟು, ಸಿಂಹ ಕಚ್ಚಿದರೆ ಇಂತಿಷ್ಟು, ಪೂರ್ತಿ ತಿಂದರೆ ವಾರಸುದಾರರಿಗೆ ಇಂತಿಷ್ಟು. ಐದು ವರ್ಷದಲ್ಲಿ ಸಾವಿರಾರು ಜನರನ್ನು ಸಿಂಹದ ಬಾಯಿಗೆ ಸುಸೂತ್ರವಾಗಿ ಕಳಿಸಿಕೊಟ್ಟ ನಾನು ಒಂದೇ ಒಂದು ಸಿಂಹವನ್ನೂ ಕಣ್ಣಾರೆ ಕಂಡಿರಲಿಲ್ಲ! ಪಕ್ಕದ ಮೇಜಿನ ಒಗುತು ಇದನ್ನು ದಿನಕ್ಕೆರಡು ಸಲ ನೆನಪಿಸುತ್ತಿದ್ದ.

"ನೋಡಪ್ಪಾ, ಎಂಬತ್ತೊಂದು ವರ್ಷದ ಅಜ್ಜಿ, ಸ್ವೀಡನ್ನಿಂದ ಬರ್ತಿದಾಳೆ. ಮೊಣಕಾಲು ಎರಡೂ ಹೊಸದು ಹಾಕಿಸ್ಕೊಂಡಿದಾಳೆ. ನಿನ್ನ ಮೊಣಕಾಲಿಗೇನಾಗಿದೆಯೋ?"

ಅಂದೇ ನಿರ್ಧರಿಸಿದೆ. ಈ ಡಿಸೆಂಬರ್! ಮಾರಾ ಅಭಯಾರಣ್ಯ! ಮೂರು ರಾತ್ರಿ! ನಾನು, ನನ್ನ ಹೆಂಡತಿ, ಮತ್ತು ಸಿಂಹ! ನಡುವೆ ಇನ್ಯಾರೂ ಇಲ್ಲ!

ಆದರೆ ಡಿಸೆಂಬರಿನಲ್ಲಿ ನೈರೋಬಿಯ ಜನವೆಲ್ಲ ಊರಿಗೆ ಹೋಗುತ್ತದೆ. ಹೋಗದವನು ಒಂದೋ ಆಸ್ಪತ್ರೆಯಲ್ಲಿರಬೇಕು, ಇಲ್ಲವೇ ಜೈಲಿನಲ್ಲಿರಬೇಕು. ಕ್ರಿಸ್‌ಮಸ್ಸಿಗೆ ನಾವು ಬರುವುದಿಲ್ಲ ಎಂದು ಹೆಂಡತಿಯ ಕಡೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹೇಗೆ ತಿಳಿಸುವುದು? ಒಂದು ಗಂಟೆ ಕೂತು, ಬೆಣ್ಣೆ ಹಚ್ಚಿದಂಥ ಪತ್ರ ಬರೆದೆ. ಕೊನೆಯಲ್ಲಿ, ಮರ್ಯಾದೆಗೆಂದು ಒಂದೇ ಒಂದು ಸಾಲು ಸೇರಿಸಿದೆ: 'ನೀವೂ ಯಾರಾದರೂ ಜೊತೆಗೆ ಬಂದರೆ ನಮ್ಮ ಸಂತೋಷ ಇಮ್ಮಡಿಯಾಗುತ್ತಿತ್ತು.' ಇಂಥ ಸಾಲಿಗೆ 'ಹೋಗಿ ಬನ್ನಿ, ದೇವರು ಕಾಯಲಿ' ಎಂದು ಬರೆಯಬೇಕಾದದ್ದು ಲೋಕದ ರೀತಿ. ಹದಿನಾಲ್ಕು ಜನ ಹಾಗೇ ಬರೆದರು.

ಹದಿನೈದನೆಯ ಉತ್ತರವನ್ನು ಹಿಡಿದುಕೊಂಡು ನನ್ನ ಹೆಂಡತಿ ನಾಂಜಾಲಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಉಗಾಲಿ ಮುದ್ದೆ ತಿರುವುವ ಮರದ ಸೌಟು ಹಾಗೇ ಇತ್ತು.

"ಏನು ಮಾಡಿಟ್ಟೆ ನೀನು?"

"ಏನು ಮಾಡಿದೆ? ಮರ್ಯಾದೆಗೆ ಒಂದು ಮಾತು ಬರೆದೆ."

"ಮರ್ಯಾದೆಗೆ ಬರೆದಿದ್ದಕ್ಕೆ ಅಮ್ಮ ಉತ್ತರ ಕೊಟ್ಟಿದಾರೆ. ಓದು."

ಓದಿದೆ. 'ನಾನು ತಯಾರಿದ್ದೇನೆ. ಸ್ವೆಟರ್ ಎಷ್ಟು ತರಲಿ?'

ನಾವು ಬುಕುಸು ಜನ. ನಮ್ಮಲ್ಲಿ ಅಳಿಯನಿಗೂ ಅತ್ತೆಗೂ ನಡುವೆ ಇರುವಷ್ಟು ದೂರ ಭೂಮಿಗೂ ಚಂದ್ರನಿಗೂ ಇಲ್ಲ. ಮುಖ ನೋಡುವಂತಿಲ್ಲ. ಕೈ ಕುಲುಕುವಂತಿಲ್ಲ. ಜೊತೆಗೆ ತಿನ್ನುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರೂ ಒಂದೇ ಸೂರಿನಡಿ ಇರುವಂತಿಲ್ಲ. ಈಗಿನವರು ಅನೇಕರು ಇದನ್ನೆಲ್ಲ ಬಿಟ್ಟಿದ್ದಾರೆ, ನಿಜ. ಆದರೆ ನನ್ನತ್ತೆ ಬಿಟ್ಟವರಲ್ಲ. ಮದುವೆಯಾಗಿ ಮೂರು ವರ್ಷವಾಗಿದೆ. ನಾನು ಈವರೆಗೆ ನೋಡಿರುವುದು ಅವರ ಕೊಡೆಯ ಹಿಂಭಾಗವನ್ನು ಮಾತ್ರ. ಅವರ ಮನೆಯ ಗೋಡೆಯಲ್ಲಿ ನಮ್ಮ ಮದುವೆಯ ಫೋಟೋ ಇದೆ. ಅದರಲ್ಲಿ ನನ್ನ ಮುಖದ ಮೇಲೆ ಸರಿಯಾಗಿ ಬರುವಂತೆ ಒಂದು ಪ್ಲಾಸ್ಟಿಕ್ ಗುಲಾಬಿಯನ್ನು ಸಿಕ್ಕಿಸಿದ್ದಾರಂತೆ!

"ಬರಬೇಡಿ ಅಂತ ನೀನೇ ಹೇಳ್ಬಿಡು" ಎಂದೆ.

ನಾಂಜಾಲಾ ಸೌಟನ್ನು ಮೇಜಿನ ಮೇಲಿಟ್ಟು ಕೂತಳು. ಅವಳು ಸೌಟು ಕೆಳಗಿಟ್ಟು ಮಾತನಾಡಿದರೆ ವಿಷಯ ಗಂಭೀರವೆಂದೇ ಅರ್ಥ.

"ಅಮ್ಮ ಮೂವತ್ನಾಲ್ಕು ವರ್ಷ ನಾಲ್ಕನೇ ಕ್ಲಾಸಿಗೆ ಪಾಠ ಮಾಡಿದ್ರು. ಪ್ರತಿ ವರ್ಷ ಬೋರ್ಡ್ ಮೇಲೆ ಸಿಂಹ ಬರೀತಿದ್ರು. ಒಂದಿನಾನೂ ನೋಡಿದವರಲ್ಲ. ಕೇಸರ ಬರೆದ್ರೆ ಸೂರ್ಯಕಾಂತಿ, ಬರೀದಿದ್ರೆ ನಾಯಿ. ಒಂದ್ಸಲ ಇನ್‌ಸ್ಪೆಕ್ಟರ್ ಬಂದು 'ಯಾರ ಮನೆ ನಾಯಿ ಇದು?' ಅಂತ ಎಲ್ಲರ ಎದುರಿಗೇ ಕೇಳಿದ್ರು. ಅವತ್ತು ಮನೆಗೆ ಬಂದು ಅಮ್ಮ ಊಟ ಮಾಡ್ಲಿಲ್ಲ. ರಿಟೈರಾದ ದಿನ ಭಾಷಣದಲ್ಲಿ ಒಂದೇ ಆಸೆ ಹೇಳ್ಕೊಂಡ್ರು, ಸಾಯೋದ್ರೊಳಗೆ ನಿಜವಾದ ಸಿಂಹದ ಮುಖ ನೋಡ್ಬೇಕು ಅಂತ."

ಅವಳು ಸೌಟನ್ನು ಮತ್ತೆ ಕೈಗೆತ್ತಿಕೊಂಡಳು.

"ಈಗ ನೀನು ಬರಬೇಡಿ ಅಂದ್ರೆ, ನೋಡು ಸಿತುಮಾ, ಸಿಂಹ ನೋಡೋಕೆ ಮಾರಾವರೆಗೆ ಹೋಗೋದೇ ಬೇಡ. ಇಲ್ಲೇ ತೋರಿಸ್ತೀನಿ."

ಹೀಗಾಗಿ ವಿಷಯ ಊರಿನ ಹಿರಿಯರ ಪೀಠಕ್ಕೆ ಹೋಯಿತು. ಪೀಠವೆಂದರೆ ನನ್ನ ಅಜ್ಜನ ತಮ್ಮ ವಂಗ್ವೆ ಅಜ್ಜ, ಅವನ ಇಬ್ಬರು ಗೆಳೆಯರು, ಒಂದು ಮಾವಿನ ಮರ ಮತ್ತು ಒಂದು ಫೋನು. ಸ್ಪೀಕರ್ ಹಾಕಿಕೊಂಡು ವಿಚಾರಣೆ ಶುರುವಾಯಿತು.

"ಆ ವ್ಯಾನಿಗೆ ಬಾಗಿಲಿದೆಯೇನೋ?"

"ಇದೆ ಅಜ್ಜಾ."

"ಕಿಟಕಿ?"

"ಆರು."

"ಸೂರು?"

"ಇದೆ. ಆದ್ರೆ ಬೇಕಾದಾಗ ಮೇಲಕ್ಕೆತ್ತಬಹುದು. ಎದ್ದು ನಿಂತು ಪ್ರಾಣಿ ನೋಡೋಕೆ."

"ಸೂರೆತ್ತೋ ಮನೇನ ಯಾವ ತಲೆಕೆಟ್ಟವನೋ ಕಟ್ಟಿದ್ದು?"

"ಜಪಾನಿನವರು ಅಜ್ಜಾ."

"ಅವರಿಗೆ ಅತ್ತೆಯಂದಿರಿಲ್ವಾ?"

ಮಾವಿನ ಮರದ ಕೆಳಗೆ ಮುಕ್ಕಾಲು ಗಂಟೆ ಚರ್ಚೆ ನಡೆಯಿತು. ಕೊನೆಗೆ ತೀರ್ಪು ಬಂತು: ಸೂರು ಎತ್ತಿದ್ದರೆ ಅದು ಅಂಗಳ, ಇಳಿಸಿದರೆ ಮನೆ. ಅಂಗಳದಲ್ಲಿ ಅತ್ತೆ ಮುಂದೆ, ಅಳಿಯ ಹಿಂದೆ, ನಡುವೆ ಒಂದು ದುಪ್ಪಟಿ ಕಟ್ಟಿಕೊಂಡು ಕೂರಬಹುದು. ಮನೆಯಾದ ಕೂಡಲೇ ಅಳಿಯ ಹೊರಗೆ!

ನಾನು ವ್ಯಾನಿನ ಡ್ರೈವರನಿಗೆ ಫೋನು ಮಾಡಿ, ಮೂರು ದಿನವೂ ಸೂರೆತ್ತಿಕೊಂಡೇ ಓಡಿಸುವೆಯಾ ಎಂದು ಕೇಳಿದೆ. ಹೆದ್ದಾರಿಯಲ್ಲಿ ಆಗೋದೇ ಇಲ್ಲ, ಗಾಳಿಗೆ ಹಾರಿಹೋಗುತ್ತದೆ ಎಂದ. ಕಾಡಿನೊಳಗೆ ಎತ್ತುತ್ತೇನೆ, ಆದರೆ ಸಿಂಹ ತೀರಾ ಹತ್ತಿರ ಬಂದರೆ ಇಳಿಸಲೇಬೇಕು ಎಂದ. ಅದನ್ನೇ ಪೀಠಕ್ಕೆ ಒಪ್ಪಿಸಿದೆ.

"ಹೆದ್ದಾರೀಲಿ ನೀನು ಬೇರೆ ಬಸ್ಸಲ್ಲಿ ಬಾ" ಎಂದ ವಂಗ್ವೆ ಅಜ್ಜ.

"ಸರಿ. ಸಿಂಹ ಬಂದಾಗ?"

"ಸೂರು ಇಳಿಸಿದ್ರೆ ಮನೆ ಆಯ್ತು. ಮನೆ ಆದ್ಮೇಲೆ ನೀನು ಇಳೀಬೇಕು."

"ಅಜ್ಜಾ! ಹೊರಗಡೆ ಸಿಂಹ ಇರುತ್ತೆ!"

"ಇರಲಿ ಬಿಡೋ. ಸಿಂಹಕ್ಕೂ ನಿನಗೂ ಯಾವ ನಿಷೇಧಾನೂ ಇಲ್ಲ."

ನಾಂಜಾಲಾ ಬಿದ್ದು ಬಿದ್ದು ನಕ್ಕಳು. ಮೂರು ವರ್ಷದ ದಾಂಪತ್ಯದಲ್ಲಿ ನನ್ನ ಯಾವ ಜೋಕಿಗೂ ಅವಳು ಹಾಗೆ ನಕ್ಕಿದ್ದಿಲ್ಲ. ನಾನು ಮಾತ್ರ ನನ್ನ ಕಚೇರಿಯ ದರಪಟ್ಟಿಯನ್ನು ಮನಸ್ಸಿನಲ್ಲೇ ತಿರುವಿಹಾಕಿದೆ. ಅತ್ತೆಯ ಗೌರವಾರ್ಥ ಸ್ವಇಚ್ಛೆಯಿಂದ ಸಿಂಹದ ಮುಂದೆ ಇಳಿದವರಿಗೆ ಅಲ್ಲಿ ಕಲಮೇ ಇರಲಿಲ್ಲ.

ಆದರೂ ಗಂಡಸಿನ ಛಲ ಎಂಬುದೊಂದಿದೆಯಲ್ಲ! ಸಿದ್ಧತೆ ಬಿಡಲಿಲ್ಲ. ಗಿಕೊಂಬಾದ ಹಳೆಬಟ್ಟೆ ಸಂತೆಗೆ ಹೋಗಿ, ಬೆಟ್ಟದಂಥ ರಾಶಿಯೊಳಗೆ ಸೊಂಟದವರೆಗೆ ಮುಳುಗಿ, ನಾಲ್ಕು ಜೇಬಿನ ಖಾಕಿ ಅಂಗಿ, ಆರು ಜೇಬಿನ ಖಾಕಿ ಪ್ಯಾಂಟು, ಖಾಕಿ ಟೊಪ್ಪಿ ಮತ್ತು ಮೊಣಕಾಲಿನವರೆಗೆ ಬರುವ ಬೂಟುಗಳನ್ನು ಹೆಕ್ಕಿ ತಂದೆ. ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಆಹಾ! ಕ್ಷೌರದಂಗಡಿಯ ಕ್ಯಾಲೆಂಡರಿನವರೆಲ್ಲ ನನ್ನ ಮುಂದೆ ಮಂಕಾಗಬೇಕು!

"ಹೇಗಿದೆ?"

ನಾಂಜಾಲಾ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಗೇಟಿನ ಬೀಗದ ಕೈ ಒಂದು ಕಮ್ಮಿ."

ಹೊಟ್ಟೆಕಿಚ್ಚು ಎಂದುಕೊಂಡೆ. ನಮ್ಮ ಕಟ್ಟಡದ ಕಾವಲುಗಾರ ಕಿಲೊಂಜೊ ಕೂಡ ಖಾಕಿಯನ್ನೇ ಹಾಕುತ್ತಾನೆಂಬುದು ನನಗೆ ಹೊಳೆಯಲೇ ಇಲ್ಲ.

ಅತ್ತೆ ಬರುವ ದಿನ ಬಂತು. ಅವರ ವಾಸ್ತವ್ಯ ನಮ್ಮ ಮನೆಯಲ್ಲಲ್ಲ; ಅದು ಸಾಧ್ಯವೇ ಇಲ್ಲ. ಕೆಳಮನೆಯ ನರ್ಸ್ ಅಟಿಯೆನೊ ತನ್ನ ಕೋಣೆಯೊಂದನ್ನು ಬಿಟ್ಟುಕೊಟ್ಟಿದ್ದಳು. ನಾಂಜಾಲಾ ಯುದ್ಧದ ನಕ್ಷೆಯಂತೆ ಯೋಜನೆ ಹಾಕಿದ್ದಳು: "ಬಸ್ಸು ಬರೋದು ಐದಕ್ಕೆ. ನೀನು ನಾಲ್ಕಕ್ಕೇ ಒಗುತು ಮನೆಗೆ ಹೋಗು. ಕತ್ತಲಾಗೋವರೆಗೆ ಈ ಕಡೆ ತಲೆ ಹಾಕ್ಬೇಡ."

ಮೂರೂವರೆಗೆ ನಾನು ಹೊಸ ಬೂಟು ಪಳಗಿಸಲೆಂದು ಪೂರ್ಣ ವೇಷದಲ್ಲಿ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಕಿಲೊಂಜೊ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಸಾರ್, ನನ್ನ ಕೆಲಸಕ್ಕೇನಾದ್ರೂ ಅರ್ಜಿ ಹಾಕಿದೀರಾ?"

"ಇದು ಕಾಡಿಗೆ ಹೋಗೋ ಡ್ರೆಸ್ಸಯ್ಯಾ."

"ಹಾಗಾದ್ರೆ ಎರಡು ನಿಮಿಷ ಈ ಕಾಡು ನೋಡ್ಕೊಳ್ಳಿ. ಒಂದು ಚಹಾ ಕುಡಿದು ಬರ್ತೀನಿ" ಎಂದು ಬೀಗದ ಕೈಗೊಂಚಲನ್ನು ನನ್ನ ಕೈಗಿಟ್ಟು ಹೋದ.

ಹೋದವನು ಹೋದ. ನಾನು ಗೇಟಿನ ಪಕ್ಕದ ತಗಡಿನ ಚಪ್ಪರದಡಿ ನಿಂತೆ. ಮೂರನೇ ಮಹಡಿಯ ಮಹಾಶಯ ಕಾರು ತಂದು ಹಾರನ್ ಬಾರಿಸಿದ. ನಾಲ್ಕು ವರ್ಷದಿಂದ ನನ್ನನ್ನು ಮೆಟ್ಟಿಲ ಮೇಲೆ ನೋಡುತ್ತಿದ್ದವನು, ಗುರುತೇ ಹಿಡಿಯದೆ "ಬೇಗ ತೆಗಿಯಯ್ಯಾ" ಎಂದ. ತೆಗೆದೆ. ಯಾಕೋ ಒಂದು ಸಲಾಮೂ ಹೊಡೆದೆ. ಬಟ್ಟೆಯೇ ಕೈಯನ್ನು ಎತ್ತಿಸಿತು ಎನ್ನಬೇಕು.

ಅಷ್ಟರಲ್ಲಿ ಒಂದು ಬೈಕ್ ಟ್ಯಾಕ್ಸಿ ಬಂದು ನಿಂತಿತು. ಹಿಂದೆ ಕೂತಿದ್ದ ಹೆಂಗಸು ಇಳಿದರು. ಕಂಕುಳಲ್ಲಿ ಜೀವಂತ ಕೋಳಿ. ತಲೆಯ ಮೇಲೆ ಬಾಳೆಗೊನೆಯ ಚೀಲ. ಕೈಯಲ್ಲೊಂದು ಪೆಟ್ಟಿಗೆ, ಮೈಮೇಲೆ ಒಂದರ ಮೇಲೊಂದು ಮೂರು ಸ್ವೆಟರು!

ಮೂರು ಸ್ವೆಟರನ್ನು ನೋಡಿಯಾದರೂ ನನಗೆ ಗೊತ್ತಾಗಬೇಕಿತ್ತು. ಆದರೆ ನಮ್ಮ ದೇಶದ ಇತಿಹಾಸದಲ್ಲಿ ಬಸ್ಸೊಂದು ಒಂದೂವರೆ ಗಂಟೆ ಮೊದಲೇ ಬಂದ ಉದಾಹರಣೆ ಎಲ್ಲಿದೆ? ನಾನು ವಿನಯದಿಂದ ಮುಂದೆ ಹೋಗಿ, ಚೀಲವನ್ನು ಇಳಿಸಿಕೊಂಡೆ. ಆಕೆ ನನ್ನ ಮುಖವನ್ನು ನೇರವಾಗಿ ನೋಡಿ, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಕುಲುಕಿದರು.

"ದೇವರು ಒಳ್ಳೇದು ಮಾಡ್ಲಪ್ಪಾ. ನಾನು ನಾಂಜಾಲಾನ ತಾಯಿ."

ಮುಖ ನೋಡಿದ್ದಾಯಿತು! ಕೈ ಕುಲುಕಿದ್ದಾಯಿತು! ತಲೆಯೆತ್ತಿ ನೋಡಿದರೆ ಮೇಲೆ ತಗಡಿನ ಚಪ್ಪರ. ಒಂದೇ ಸೂರಿನಡಿ ನಿಂತದ್ದೂ ಆಯಿತು! ಮೂರು ವರ್ಷ ಕಾಪಾಡಿಕೊಂಡು ಬಂದದ್ದನ್ನು ಅರ್ಧ ನಿಮಿಷದಲ್ಲಿ ಗುಡಿಸಿ ಹಾಕಿದ್ದೆ.

ಈಗ 'ನಾನೇ ನಿಮ್ಮ ಅಳಿಯ' ಎನ್ನುವುದೇ? ಹಾಗೆಂದರೆ ಆ ತಾಯಿ ಅಲ್ಲೇ ನಾಚಿಕೆಯಿಂದ ಕುಸಿಯುತ್ತಾರೆ. ಓಡಿಬಿಡುವುದೇ? ಕೈಯಲ್ಲಿ ಅವರ ಬಾಳೆಗೊನೆ. ಕಿಲೊಂಜೊನ ಹಾಗೆ ರಾಗವೆಳೆದು "ಬನ್ನೀಮ್ಮಾ, ಕೂತ್ಕೊಳ್ಳೀ, ಮಗಳನ್ನ ಕರೀತೀನೀ" ಎಂದೆ.

"ಕರೀಬೇಡ ತಡಿ" ಎಂದು ಅವರು ಕಾವಲುಗಾರನ ಬೆಂಚಿನ ಮೇಲೆ ಕೂತರು. "ಸ್ವಲ್ಪ ಉಸಿರಾಡ್ತೀನಿ. ನೀನೂ ಕೂತ್ಕೋ. ದಿನಾ ನಿಂತು ನಿಂತು ಕಾಲು ಹೋಗಿರುತ್ತೆ." ಪೆಟ್ಟಿಗೆಯಿಂದ ಒಂದು ಪೊಟ್ಟಣ ತೆಗೆದು ಬಿಚ್ಚಿದರು. ಹುರಿದ ಗೆದ್ದಲು! ನಮ್ಮ ಕಡೆಯವರ ಪ್ರಾಣದಂಥ ತಿಂಡಿ! ಉಪ್ಪು ಹಾಕಿ ಗರಿಗರಿಯಾಗಿ ಹುರಿದದ್ದು! ನೈರೋಬಿಯಲ್ಲಿ ಅದರ ವಾಸನೆ ಸಿಕ್ಕಿದರೂ ನಾನು ಎರಡು ಬಸ್ ಸ್ಟಾಪು ಮೊದಲೇ ಇಳಿಯುತ್ತೇನೆ. "ತಿನ್ನು" ಎಂದರು. ಅವರೂ ಬಾಯಿಗೆ ಹಾಕಿಕೊಂಡರು. ನಾನೂ ಹಾಕಿಕೊಂಡೆ. ಜೊತೆಗೆ ತಿಂದದ್ದೂ ಆಯಿತು. ಮುರಿಯಲು ಇನ್ನು ಯಾವ ನಿಯಮವೂ ಉಳಿದಿರಲಿಲ್ಲ, ಇನ್ನೊಂದು ಹಿಡಿ ತೆಗೆದುಕೊಂಡೆ.

"ನನ್ನ ಅಳಿಯ ಇಲ್ಲೇ ಇರೋದಲ್ವಾ? ಹೇಗೆ ಜನ?"

ಜೀವನದಲ್ಲಿ ಎಷ್ಟು ಜನಕ್ಕೆ ಇಂಥ ಅವಕಾಶ ಸಿಗುತ್ತದೆ ಹೇಳಿ! "ಅಯ್ಯೋ, ಬಂಗಾರದಂಥಾ ಮನುಷ್ಯಾ ಅಮ್ಮಾ. ಈ ಕಟ್ಟಡಕ್ಕೇ ಅಂಥವರಿಲ್ಲಾ. ನೋಡೋಕೂ ಲಕ್ಷಣವಾಗಿದಾರೆ."

"ಹೌದಾ? ಫೋನಲ್ಲಿ ಧ್ವನಿ ಕೇಳಿದ್ರೆ ನೆಗಡಿಯಾದ ಮೇಕೆ ನೆನಪಾಗುತ್ತೆ."

ಗೆದ್ದಲು ಗಂಟಲಲ್ಲಿ ನಿಂತಿತು.

"ಮಾತು ಜಾಸ್ತಿ" ಎಂದು ಅವರು ಮುಂದುವರಿಸಿದರು. "ಗ್ರೂಪಲ್ಲಿ ಬರೀತಾನಲ್ಲ, ಮೂರು ಪುಟ. ನನ್ನ ನಾಲ್ಕನೇ ಕ್ಲಾಸಿನ ಮಕ್ಕಳು ಅದನ್ನ ಎರಡು ಸಾಲಲ್ಲಿ ಬರೀತಿದ್ರು. ಆದ್ರೂ ಕರೆದ ನೋಡು, ಅದು ದೊಡ್ಡದು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಹೊಳೀಲಿಲ್ಲ." ಅವರು ಕೋಳಿಯ ಬೆನ್ನು ಸವರಿದರು. "ಈಗ ಬಂದಿರೋದು ಸಿಂಹ ನೋಡೋಕೆ ಹೋಗೋಕಲ್ಲಪ್ಪ. ಬರಲ್ಲ ಅಂತ ಮಗಳಿಗೆ ಎದುರಿಗೇ ಹೇಳಿ, ಇದೇ ಸಂಜೆ ಬಸ್ಸಿಗೆ ವಾಪಸ್ ಹೋಗ್ತೀನಿ. ಹಿರಿಯರು ಏನೇನೋ ಹೇಳಿದಾರಂತೆ, ಸಿಂಹ ಬಂದ್ರೆ ಅವನು ಕೆಳಗಿಳೀಬೇಕು ಅಂತ. ನನಗೊಂದು ಸಿಂಹ ತೋರಿಸೋಕೆ ನನ್ನ ಮಗಳು ಗಂಡನ್ನ ಕಳ್ಕೋಬೇಕಾ? ಫೋನಲ್ಲಿ ಹೇಳಿದ್ರೆ ಅಳ್ತಾಳೆ. ಅದಕ್ಕೇ ಬಂದೆ."

"ಮೂರು ಸ್ವೆಟರ್ ಯಾಕಮ್ಮಾ ಮತ್ತೆ?" ಬಾಯಿತಪ್ಪಿ ಕೇಳಿಬಿಟ್ಟೆ.

ಅವರು ತಮ್ಮ ಸ್ವೆಟರುಗಳನ್ನು ಒಮ್ಮೆ ನೋಡಿಕೊಂಡರು. "ತಿಂಗಳಿಂದ ಮಡಿಸಿಟ್ಟಿದ್ದೆ. ಬಿಟ್ಟು ಬರೋಕೆ ಮನಸಾಗ್ಲಿಲ್ಲ."

ನನಗೆ ಏನೋ ಒಂದು ಥರವಾಯಿತು. ಈ ಹೆಂಗಸನ್ನು ಸಂಜೆಯ ಬಸ್ಸು ಹತ್ತಲು ಬಿಟ್ಟರೆ ಆರು ಜೇಬಿನ ಪ್ಯಾಂಟು ಹಾಕಿ ಏನು ಪ್ರಯೋಜನ? ನಾನೇ ಉಳಿದುಕೊಳ್ಳುತ್ತೇನೆ, ತಾಯಿಮಗಳು ಹೋಗಿಬರಲಿ ಎಂದು ಘನವಾದ ತ್ಯಾಗದ ನಿರ್ಧಾರ ಮಾಡಿ, ಅದನ್ನು ಕಾವಲುಗಾರನ ಬಾಯಿಂದ ಹೇಗೆ ಹೇಳುವುದೆಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಕಿಲೊಂಜೊ ಬಂದ. ನಲವತ್ತು ನಿಮಿಷದ ಚಹಾ ಕುಡಿದು, ತೃಪ್ತನಾಗಿ, ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡೇ ಬಂದ.

"ಸಿತುಮಾ ಸಾರ್! ಇನ್ನು ಬಿಡಿ, ನಾನು ನೋಡ್ಕೋತೀನಿ! ನಿಮ್ಮತ್ತೆ ಬರೋ ಹೊತ್ತಾಯ್ತು, ನೀವು ಓಡ್ಬೇಕಲ್ವಾ?"

ಅತ್ತೆ ನನ್ನನ್ನು ನೋಡಿದರು. ನಾನು ಅತ್ತೆಯನ್ನು ನೋಡಿದೆ. ಮರುಕ್ಷಣ ಅವರು "ಅಯ್ಯೋ ದೇವರೇ!" ಎಂದು ಮೇಲಿನ ಸ್ವೆಟರನ್ನು ತಲೆಯ ಮೇಲಕ್ಕೆಳೆದುಕೊಂಡು ಎದ್ದರು. ಕೋಳಿ ಕೈತಪ್ಪಿ ಹಾರಿತು. ಸ್ವೆಟರಿನೊಳಗೆ ಕಣ್ಣು ಕಾಣದೆ ಅವರು ಬಲಕ್ಕೆ ಓಡಿ ನೀರಿನ ತೊಟ್ಟಿಯ ಹಿಂದೆ ಹೋದರು. ನಾನು ಮಾನ ಉಳಿಸಿಕೊಳ್ಳಲು ಎಡಕ್ಕೆ ಓಡಿದೆ. ಹೋಗಿ ನಿಂತದ್ದು ಅದೇ ತೊಟ್ಟಿಯ ಇನ್ನೊಂದು ಮಗ್ಗುಲಲ್ಲಿ! ಕೋಳಿ ತೊಟ್ಟಿಯ ಮೇಲೆ ಕೂತು, ಒಮ್ಮೆ ಅವರ ಕಡೆಗೆ, ಒಮ್ಮೆ ನನ್ನ ಕಡೆಗೆ ನೋಡುತ್ತಿತ್ತು. ಕಿಟಕಿಗಳೆಲ್ಲ ತೆರೆದುಕೊಂಡವು. ಮೂರನೇ ಮಹಡಿಯ ಮಹಾಶಯ ಮೇಲಿನಿಂದ "ಕಳ್ಳನಾ? ಹಿಡಿಯಯ್ಯಾ ವಾಚ್‌ಮನ್!" ಎಂದು ನನಗೇ ಹೇಳಿದ.

ನಾಂಜಾಲಾ ಮೆಟ್ಟಿಲಿಳಿದು ಓಡಿ ಬಂದಳು. ತೊಟ್ಟಿಯ ಆ ಕಡೆ ತಾಯಿ, ಈ ಕಡೆ ಗಂಡ.

"ಏನಾಯ್ತು?"

"ನಾನು ಮುಟ್ಟಿಬಿಟ್ಟೆ ಅಂತ ಅವನಿಗೆ ಹೇಳು!" ಎಂದಿತು ಆ ಕಡೆಯ ಸ್ವೆಟರು.

"ನಾನು ಬೇಕಂತ ಮಾಡಲಿಲ್ಲ ಅಂತ ಅವರಿಗೆ ಹೇಳು!" ಎಂದೆ ನಾನು.

"ಗೆದ್ದಲು ಕೂಡ ತಿಂದ!"

"ಅವರೇ ಕೊಟ್ಟರು!"

ನಾಂಜಾಲಾ ತೊಟ್ಟಿಗೆ ಒರಗಿಕೊಂಡು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ನಾನು ಗಾಬರಿಯಾದೆ. ಭುಜ ಕುಲುಕುವ ರೀತಿ ನೋಡಿದ ಮೇಲೆ ಅಳುವಲ್ಲವೆಂದು ತಿಳಿಯಿತು.

ಮತ್ತೆ ಮಾವಿನ ಮರಕ್ಕೆ ಫೋನು ಹೋಯಿತು. ವಂಗ್ವೆ ಅಜ್ಜ ಎಲ್ಲ ಕೇಳಿ, "ನನ್ನ ಎಂಬತ್ತು ವರ್ಷದಲ್ಲಿ ಹೀಗೊಂದು ನಡೆದಿಲ್ಲ" ಎಂದ. ಹಿಂದಿನಿಂದ ಇನ್ನೊಬ್ಬ ಮುದುಕ, "ಪ್ರಯಾಣ ನಿಲ್ಸಿ! ಇಬ್ಬರೂ ಊರಿಗೆ ಬಂದು ಕುರಿ ಕಡಿದು ಶುದ್ಧಿ ಆಗ್ಬೇಕು!" ಎಂದು ಕೂಗಿದ. ಆ ಕಡೆಯ ಸ್ವೆಟರಿನಿಂದ ನಿಟ್ಟುಸಿರೊಂದು ಕೇಳಿತು. ನನ್ನ ಮೂರು ರಾತ್ರಿ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅವರ ಸಿಂಹ ಹೋಯಿತು.

ಆಗ ತೊಟ್ಟಿಯ ಹಿಂದಿನಿಂದ ಬೇರೆಯೇ ಒಂದು ಧ್ವನಿ ಬಂತು. ಐವತ್ತು ಮಕ್ಕಳ ಗಲಾಟೆಯನ್ನು ಒಂದೇ ಮಾತಿಗೆ ಅಡಗಿಸುವ ಧ್ವನಿ.

"ವಂಗ್ವೆ! ನಾನು ಕೈ ಕೊಟ್ಟಿದ್ದು ಯಾರಿಗೆ?"

"ಅಳಿಯನಿಗೆ, ಟೀಚರಮ್ಮ." ಊರೆಲ್ಲ ಅವರನ್ನು ಹಾಗೇ ಕರೆಯುವುದು, ಎಂಬತ್ತರ ಅಜ್ಜನೂ.

"ಅಲ್ಲ. ಕಾವಲುಗಾರನಿಗೆ. ಖಾಕಿ ಹಾಕಿದ್ದ, ಕೈಯಲ್ಲಿ ಬೀಗದ ಕೈ ಇತ್ತು, ಚೀಲ ಇಳಿಸ್ಕೊಂಡ. ಅಳಿಯ ಎಲ್ಲಿದ್ದ ಅಲ್ಲಿ? ನಾಂಜಾಲಾ, ನನ್ನ ಕ್ಲಾಸಲ್ಲಿ ನೀನು ನನ್ನನ್ನ ಏನಂತ ಕರೀತಿದ್ದೆ?"

"ಟೀಚರ್ ಅಂತ. ಒಂದ್ಸಲ ಅಮ್ಮಾ ಅಂದಿದ್ದಕ್ಕೆ ಬೆಂಚ್ ಮೇಲೆ ನಿಲ್ಲಿಸಿದ್ರಿ."

"ಕೇಳಿದ್ಯಾ ವಂಗ್ವೆ? ಹೊಟ್ಟೇಲಿ ಹುಟ್ಟಿದ ಮಗಳೇ ಯೂನಿಫಾರ್ಮ್ ಹಾಕಿದ್ರೆ ಮಗಳಲ್ಲ, ವಿದ್ಯಾರ್ಥಿ. ಬಿಚ್ಚಿದ ಮೇಲೆ ಮಗಳು. ಅಳಿಯನಿಗೆ ಬೇರೆ ಕಾನೂನಾ?"

ಮಾವಿನ ಮರದ ಕೆಳಗೆ ಗುಸುಗುಸು. ನಾನು ಉಸಿರು ಬಿಗಿಹಿಡಿದೆ. ಕೋಳಿಯೂ ಹಿಡಿದಿತ್ತೇನೋ.

"ಟೀಚರಮ್ಮ ಹೇಳಿದ್ರಲ್ಲಿ ಅರ್ಥ ಇದೆ" ಎಂದ ಕೊನೆಗೆ ವಂಗ್ವೆ ಅಜ್ಜ. "ಹುಡುಗ ಆ ಬಟ್ಟೇಲಿ ಇರೋವರೆಗೆ ಕಾವಲುಗಾರ. ಕಾವಲುಗಾರನ ಜೊತೆ ಯಾರು ಬೇಕಾದ್ರೂ ಯಾವ ಸೂರಿನಡೀಲಾದ್ರೂ ಕೂರಬಹುದು. ಆದ್ರೆ ನೆನಪಿರ್ಲಿ, ಬಟ್ಟೆ ಬಿಚ್ಚಿದ ಕ್ಷಣ ಅಳಿಯ! ಮೂರು ದಿನ ಒಂದು ಗುಂಡಿ ಕೂಡ ಬಿಚ್ಚುವಂತಿಲ್ಲ. ಕೆಲಸಾನೂ ಕಾವಲುಗಾರನದ್ದೇ ಮಾಡ್ಬೇಕು. ಇಲ್ಲಾಂದ್ರೆ ಅದು ನಾಟಕ ಆಗುತ್ತೆ."

ಹೀಗೆ ನನ್ನ ಮಹಾಯಾತ್ರೆ ನನಗೆ ವಾಪಸ್ ಸಿಕ್ಕಿತು. ಸ್ವಲ್ಪ ತಿದ್ದುಪಡಿಯೊಂದಿಗೆ. ಡೇರೆಯಲ್ಲಿ ತಾಯಿಮಗಳು, ಕಾವಲುಗಾರ ಡ್ರೈವರನ ಜೊತೆ. ಕಿಟಕಿಯ ಸೀಟು ಅವರಿಬ್ಬರಿಗೆ. ಕಾವಲುಗಾರ ಸಾಮಾನುಗಳ ಜೊತೆ. ಕಿಲೊಂಜೊ ಎರಡು ದಿನ ನನಗೆ ತರಬೇತಿ ಕೊಟ್ಟ: ಪೆಟ್ಟಿಗೆ ಹೇಗೆ ಹೊರಬೇಕು, ಬಾಗಿಲು ಹೇಗೆ ತೆಗೆಯಬೇಕು, ಮುಖ್ಯವಾಗಿ, ಕೇಳದೆ ಮಾತನಾಡದಿರುವುದು ಹೇಗೆ. ಮೂರನೆಯದರಲ್ಲಿ ನಾನು ಎರಡು ಸಲ ಫೇಲಾದೆ.

ಹೊರಡುವ ಬೆಳಿಗ್ಗೆ ವ್ಯಾನು ಗೇಟಿಗೆ ಬಂತು. ಕತ್ತಿನವರೆಗೂ ಗುಂಡಿ ಹಾಕಿದ ಖಾಕಿಯಲ್ಲಿ ನಾನು ಚೀಲ ಏರಿಸಿದೆ, ಪೆಟ್ಟಿಗೆ ಏರಿಸಿದೆ, ಬಿಸಿ ಚಹಾದ ಫ್ಲಾಸ್ಕು ಏರಿಸಿದೆ. ನಾಂಜಾಲಾ ನನ್ನ ಪಕ್ಕದಲ್ಲಿ ಹಾದುಹೋಗುವಾಗ "ಥ್ಯಾಂಕ್ಸ್ ವಾಚ್‌ಮನ್" ಎಂದು ಕಣ್ಣು ಹೊಡೆದಳು. ಟೀಚರಮ್ಮ ಕಿಟಕಿಯ ಪಕ್ಕ ಕೂತು, ಮಡಿಲಲ್ಲಿ ಬಿಳಿ ಹಾಳೆಗಳ ಪುಸ್ತಕ ಮತ್ತು ಚೂಪಾಗಿ ಕೆತ್ತಿದ ಪೆನ್ಸಿಲು ಇಟ್ಟುಕೊಂಡಿದ್ದರು. ಮೂವತ್ನಾಲ್ಕು ವರ್ಷದ ತಪ್ಪನ್ನು ತಿದ್ದಲು ಹೊರಟವರ ಮುಖ ಹೇಗಿರುತ್ತದೆಂದು ಅವತ್ತು ನೋಡಿದೆ. ನೋಡಲು ನನಗೆ ಈಗ ಅನುಮತಿ ಇತ್ತಲ್ಲ!

ಹೊಟ್ಟೆ ತುಂಬಿದ ಸಂತೋಷ. ಆದರೆ ಒಳಗೊಳಗೇ ಒಂದು ಮುಳ್ಳು. ಹೆದರುತ್ತಲೇ ಕಿಟಕಿಯ ಬಳಿ ಬಗ್ಗಿದೆ.

"ಟೀಚರಮ್ಮ, ಒಂದು ಮಾತು ಕೇಳ್ಲಾ? ಬೇಜಾರು ಮಾಡ್ಕೋಬಾರ್ದು."

"ಕೇಳು."

"ಮೂರು ವರ್ಷದಿಂದ ನಿಮಗೊಬ್ಬ ಅಳಿಯ ಇದಾನೆ. ಎರಡು ದಿನದಿಂದ ಒಬ್ಬ ಕಾವಲುಗಾರ ಇದಾನೆ. ನಿಜ ಹೇಳಿ, ಇಬ್ಬರಲ್ಲಿ ನಿಮಗೆ ಯಾರು ಇಷ್ಟ?"

ಅವರು ಯೋಚಿಸಲೂ ಇಲ್ಲ.

"ಕಾವಲುಗಾರ. ಬಾಗಿಲು ಹಾಕು, ಧೂಳು ಬರ್ತಿದೆ."